ಟೈಲರ್ ಚೆಲ್ಲಿದ ನೀರು

ಟೈಲರ್ ಹೇಡಿ. ಅದರಲ್ಲಿ ಎರಡು ಮಾತಿಲ್ಲ. ಅವನನ್ನು ಸಾಧು ಎನ್ನುವವರಿದ್ದರು, ಮೆದು ಮನಸ್ಸಿನವನು ಎನ್ನುವವರೂ ಇದ್ದರು. ಅವರೆಲ್ಲ ಅವನ ಗಿರಾಕಿಗಳು. ಅವರ ಸಾಕ್ಷ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗಿರಾಕಿ ನಿಲ್ಲುವುದಕ್ಕೆ ಒಂದು ಮಣೆ, ಎದುರಿಗೆ ಆಳೆತ್ತರದ ಕನ್ನಡಿ. ಮಣೆಯ ಮೇಲೆ ನಿಂತವರ ಸೊಂಟಕ್ಕೆ ಟೇಪು ಸುತ್ತಿದಾಗ ಹೋದ ವರ್ಷಕ್ಕಿಂತ ಜಾಸ್ತಿ ಬಂತೋ, ಟೈಲರ್‌ನ ನಾಲಿಗೆ ಒಣಗಿಹೋಗುತ್ತಿತ್ತು. ಬಾಯಲ್ಲಿ ಹಳೆಯ ಅಳತೆಯನ್ನೇ ಹೇಳುತ್ತಿದ್ದ, ಬಟ್ಟೆಯನ್ನು ಮಾತ್ರ ಹೊಸ ಅಳತೆಗೆ ಕತ್ತರಿಸುತ್ತಿದ್ದ. ಗಿರಾಕಿಗಳು ಕನ್ನಡಿಯಲ್ಲಿ ಹೊಟ್ಟೆ ಸವರಿಕೊಂಡು, "ನೋಡಿ, ಮದುವೆಯಾದಾಗಿಂದ ಇಷ್ಟೇ," ಎಂದು ಬೀಗಿಕೊಂಡು ಹೋಗುತ್ತಿದ್ದರು. ಊರಿನ ಅರ್ಧ ಜನ ತಾವು ಇನ್ನೂ ಸಪೂರ ಎಂಬ ಭ್ರಮೆಯಲ್ಲಿ ಬದುಕಿದ್ದರೆ ಅದಕ್ಕೆ ಅವನ ಪುಕ್ಕಲುತನವೇ ಕಾರಣ.

ಒಮ್ಮೆ ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟಿದ್ದ ಅವನ ಚಪ್ಪಲಿಯನ್ನು ಇನ್ಯಾರೋ ಅವನ ಕಣ್ಣೆದುರಿಗೇ ಮೆಟ್ಟಿಕೊಂಡು ಹೊರಟರು. ಟೈಲರ್ ತುಟಿಪಿಟಿಕ್ಕೆನ್ನದೆ ಆ ಮನುಷ್ಯನ ಚಪ್ಪಲಿ ಮೆಟ್ಟಿಕೊಂಡು, ಕುಂಟಿಕೊಂಡು ಮನೆಗೆ ಬಂದ.

"ಕೇಳೋಕೆ ಏನಾಗಿತ್ತು ನಿಮಗೆ?" ಎಂದಳು ಹೆಂಡತಿ.

"ಪಾಪ, ಏನೋ ಅವಸರದಲ್ಲಿದ್ರು."

ಅದು ಸವೆದು ಹರಿಯುವ ತನಕ ಬೆರಳು ಮಡಚಿಕೊಂಡೇ ಓಡಾಡಿದ.

ಇಂಥವನ ಭಯಗಳಲ್ಲೆಲ್ಲ ದೊಡ್ಡ ಭಯ ಹೆಂಡತಿಯ ಅಣ್ಣ. ಅಗ್ನಿಶಾಮಕ ಠಾಣೆಯಲ್ಲಿ ಅಧಿಕಾರಿಯಾಗಿದ್ದು ಆಗಷ್ಟೇ ನಿವೃತ್ತನಾದವನು. ಉರಿಯುವ ಕಟ್ಟಡದ ನಾಲ್ಕನೇ ಮಹಡಿಗೆ ಕೇಳಿಸುವ ಹಾಗೆ ಕೂಗಿ ಕೂಗಿ, ಪಕ್ಕದಲ್ಲಿ ಕೂತವರ ಹತ್ತಿರ ಉಪ್ಪು ಕೇಳುವಾಗಲೂ ಅದೇ ದನಿ ಅಂಟಿಕೊಂಡುಬಿಟ್ಟಿತ್ತು. ಮನೆಯವರೆಲ್ಲ ಬೆನ್ನ ಹಿಂದೆ ಅವನನ್ನು ಸೈರನ್ ಭಾವ ಎನ್ನುತ್ತಿದ್ದರು. ಟೈಲರ್ ಬೆನ್ನ ಹಿಂದೆಯೂ ಬರೀ ಭಾವ ಎನ್ನುತ್ತಿದ್ದ.

ನಿವೃತ್ತಿಯಾದ ಭಾವನಿಗೆ ಮನೆಯ ನಾಲ್ಕು ಗೋಡೆ ಸಾಲದಾಯಿತು. ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು ವಾರಗಟ್ಟಲೆ ತಿರುಗಾಡಿ ಬರೋಣ ಎಂದು ತೀರ್ಮಾನಿಸಿದ. ಅವನೇ ಡ್ರೈವರ್. ಜೊತೆಗೆ ಅವನ ಹೆಂಡತಿ, ಮಗಳ ಮಗಳಾದ ನಾಲ್ಕು ವರ್ಷದ ಪುಟ್ಟಿ, ತಂಗಿ, ಮತ್ತು ತಂಗಿಯ ಸಾಮಾನಿನ ಜೊತೆಗೆ ಬರುವ ಟೈಲರ್. ಅಂಗಡಿ ಬಿಟ್ಟು ಬರಲಾರೆ ಎನ್ನಬೇಕೆಂದು ಟೈಲರ್ ಎರಡು ದಿನ ಮನಸ್ಸಿನಲ್ಲೇ ಅಭ್ಯಾಸ ಮಾಡಿದ. ಭಾವ ಫೋನಿನಲ್ಲಿ, "ಏನಯ್ಯಾ, ಬರ್ತಿದ್ದೀಯ ತಾನೇ?" ಎಂದಾಗ, "ಎಷ್ಟು ಹೊತ್ತಿಗೆ ಭಾವ?" ಎಂದ.

ಗಾಡಿಯನ್ನು ಮನೆಗಾಡಿ ಎಂದೇ ಎಲ್ಲರೂ ಕರೆದರು. ಡ್ರೈವರ್ ಸೀಟಿನ ಮೇಲೊಂದು ಅಟ್ಟದಂಥ ಹಾಸಿಗೆ, ಮಡಚುವ ಮೇಜು, ಅಂಗೈಯಗಲದ ಸಿಂಕು, ಒಳಗೆ ಹೋದರೆ ತಿರುಗಿಕೊಳ್ಳಲಾಗದ ಟಾಯ್ಲೆಟ್ಟು. ನಲ್ಲಿ ತಿರುಗಿಸಿದರೆ ಸೀಟಿನಡಿಯ ಪಂಪು ಹಲ್ಲು ನೋವು ಬಂದವರ ಹಾಗೆ ನರಳುತ್ತಿತ್ತು. ಬಾಡಿಗೆ ಅಂಗಡಿಯ ಹೆಂಗಸು ಸುತ್ತ ಕರೆದುಕೊಂಡು ಹೋಗಿ ಒಂದೊಂದನ್ನೇ ತೋರಿಸಿದಳು.

"ಇದು ಕುಡಿಯೋ ನೀರಿನ ಟ್ಯಾಂಕು. ತೊಳೆದು ಇಟ್ಟಿದ್ದೀವಿ. ಈ ಬಿಳಿ ಪೈಪು ಇದಕ್ಕೆ ಮಾತ್ರ, ಬೇರೆ ಯಾತಕ್ಕೂ ಮುಟ್ಟಿಸಬೇಡಿ. ಆ ಬೂದು ಬಣ್ಣದ್ದು ಟಾಯ್ಲೆಟ್ ಟ್ಯಾಂಕ್ ತೊಳೆಯೋದಕ್ಕೆ. ಎರಡನ್ನೂ ಒಂದೇ ಕಡೆ ಸುತ್ತಿ ಇಡಬೇಡಿ."

"ಅಕಸ್ಮಾತ್ ಒಂದಕ್ಕೊಂದು ತಾಗಿದ್ರೆ?" ಎಂದು ಕೇಳಿದ ಟೈಲರ್. ಆಗದೇ ಇರುವ ಅನಾಹುತಗಳ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಅವನ ಅಭ್ಯಾಸ.

"ಪೈಪ್ ಬಿಸಾಕಿ. ಟ್ಯಾಂಕಿಗೆ ಬ್ಲೀಚ್ ಹಾಕಬೇಕು. ಹಾಗೇ ಸುರೀಬೇಡಿ, ಬಕೆಟ್ ನೀರಲ್ಲಿ ಕಲಸಿ ಹಾಕಿ, ಮೇಲೆ ಟ್ಯಾಂಕ್ ತುಂಬ ನೀರು ಬಿಡಿ. ಆಮೇಲೆ ಒಂದೊಂದೇ ನಲ್ಲಿ ತಿರುಗಿಸಿ, ಬ್ಲೀಚ್ ವಾಸನೆ ಬರೋ ತನಕ ಹರಿಸಿ ನಿಲ್ಲಿಸಿ. ರಾತ್ರಿಯೆಲ್ಲಾ ಹಾಗೇ ಇದ್ದು, ಬೆಳಗ್ಗೆ ಅಷ್ಟೂ ಹೊರಗೆ ಬಿಟ್ಟು, ವಾಸನೆ ಹೋಗೋ ತನಕ ಒಳ್ಳೇ ನೀರಲ್ಲಿ ತೊಳೀರಿ. ಅಲ್ಲೀವರೆಗೂ ಒಂದು ಹನೀನೂ ಕುಡೀಬೇಡಿ."

ಭಾವ ಅಷ್ಟು ಹೊತ್ತೂ ಟೈರುಗಳನ್ನು ಒದ್ದು ನೋಡುತ್ತಿದ್ದ. "ನಾನು ಮೂವತ್ತು ವರ್ಷ ಪೈಪ್ ಹಿಡಿದೋನು ಕಣಮ್ಮ," ಎಂದ. "ನನಗೆ ಪೈಪಿನ ಪಾಠ ಬೇಡ. ಬೀಗದ ಕೈ ಕೊಡು."

ಎರಡು ಊರು ದಾಟಿ, ಒಂದು ಕೆರೆಯ ಪಕ್ಕದಲ್ಲಿ ಇಂಥ ಗಾಡಿಗಳಿಗೆಂದೇ ಮಾಡಿದ ಮೈದಾನದಲ್ಲಿ ಮನೆಗಾಡಿ ನಿಂತಿತು. ಸಾಲಾಗಿ ಹತ್ತಾರು ಗಾಡಿಗಳು. ನಡುವೆ ಕುಡಿಯುವ ನೀರಿನ ನಲ್ಲಿ. ದೂರದ ಮೂಲೆಯಲ್ಲಿ ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಗುಂಡಿ, ಅದರ ಪಕ್ಕಕ್ಕೆ ಇನ್ನೊಂದು ನಲ್ಲಿ. ಎಲ್ಲಕ್ಕೂ ಒಬ್ಬ ಕಾವಲುಗಾರ. ವಯಸ್ಸಾದವನು, ಮಾತು ಕಮ್ಮಿ, ಕಣ್ಣು ಜಾಸ್ತಿ.

ಅನಾಹುತವಾದದ್ದು ಮಾರನೆಯ ದಿನ ಬೆಳಗ್ಗೆ. ಭಾವ ಮನೆಗಾಡಿಯನ್ನು ಗುಂಡಿಯ ಹತ್ತಿರ ಹಿಂದಕ್ಕೆ ತಂದು ನಿಲ್ಲಿಸಿ, ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡಿದ. ಬೇರೆಯವರು ಅಲ್ಲಿಗೇ ಕೈ ತೊಳೆದುಕೊಂಡು ಹೋಗುತ್ತಾರೆ. ಭಾವ ಅಷ್ಟಕ್ಕೆ ಬಿಡುವವನಲ್ಲ. ಒಳಗನ್ನು ಫಳಫಳ ಅನ್ನಿಸಬೇಕು. ಬೂದು ಪೈಪು ತಂದ. ಒಂದು ಮೊಳ ಸಾಲಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಗಾಡಿಯನ್ನು ಒಂದು ಮೊಳ ಹಿಂದಕ್ಕೆ ತರುತ್ತಿದ್ದರು. ಆದರೆ ಪೈಪು ಸಾಲದಿದ್ದರೆ ಇನ್ನೊಂದು ಪೈಪು ಜೋಡಿಸು ಎಂಬುದು ಭಾವನ ರಕ್ತದಲ್ಲಿದೆ. ಬೆಂಕಿಯನ್ನು ಹತ್ತಿರ ಬಾ ಎಂದು ಕರೆಯುವುದಕ್ಕಾಗುತ್ತದೆಯೇ? ಬಿಳಿ ಪೈಪು ತಂದು ಬೂದು ಪೈಪಿನ ತುದಿಗೆ ತಿರುಪಿ, ಅದರ ಮೂತಿಯನ್ನು ಟಾಯ್ಲೆಟ್ ಟ್ಯಾಂಕಿನೊಳಕ್ಕೆ ಮೊಣಕೈ ಉದ್ದ ತುರುಕಿ, "ನೀರು ಬಿಡು," ಎಂದು ತನಗೆ ತಾನೇ ಆಜ್ಞೆ ಮಾಡಿಕೊಂಡು ನಲ್ಲಿ ತಿರುಗಿಸಿದ.

ಟೈಲರ್ ಒಳಗೆ ಸಿಂಕಿನ ಮುಂದೆ ನಿಂತು ಚಹಾ ಲೋಟ ತೊಳೆಯುತ್ತಿದ್ದ. ಕಿಟಕಿ ಸರಿಯಾಗಿ ಆ ಕಡೆಗೇ ಇತ್ತು. ಪೈಪಿನ ಬಿಳಿ ಮೂತಿ ಒಳಗೆ ಹೋದದ್ದನ್ನು ನೋಡಿದ. ಅದು ಯಾವ ಬಣ್ಣದಲ್ಲಿ ಹೊರಗೆ ಬಂತು ಎಂಬುದನ್ನೂ ನೋಡಿದ. ಭಾವ ಅದನ್ನು ಬಿಡಿಸಿ, ಪ್ಯಾಂಟಿನ ತೊಡೆಗೆ ಎರಡು ಸಲ ಒರೆಸಿ, ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಗಾಡಿಯನ್ನು ಜಾಗಕ್ಕೆ ತಂದು ನಿಲ್ಲಿಸಿ, ಅದೇ ಪೈಪಿನಿಂದ ಕುಡಿಯುವ ನೀರಿನ ಟ್ಯಾಂಕ್ ತುಂಬಿಸತೊಡಗಿದ.

ಟೈಲರ್ ಕೆಳಗಿಳಿದು ಬಂದ. "ಭಾವ," ಎಂದ.

"ಏನು?"

ಆ ಒಂದು "ಏನು"ವಿಗೆ ಪಕ್ಕದ ಗಾಡಿಯ ಪರದೆ ಸರಿಯಿತು, ಅದರಾಚೆಯ ಗಾಡಿಯ ನಾಯಿ ಎದ್ದು ಕೂತಿತು.

"ಬಿಸಿಲು ಜಾಸ್ತಿ ಇದೆ," ಎಂದ ಟೈಲರ್.

"ಇದ್ರೆ ಟೋಪಿ ಹಾಕ್ಕೋ."

ಟೈಲರ್ ಹೋಗಿ ಟೋಪಿ ಹಾಕಿಕೊಂಡ.

ಹೆಂಡತಿಗೆ ಹೇಳಬಹುದಿತ್ತು. ಆದರೆ ಅವಳಿಗೆ ಹೇಳುವುದೂ ಅವಳ ಅಣ್ಣನಿಗೆ ಹೇಳುವುದೂ ಒಂದೇ, ನಡುವೆ ಒಂದು ಉಸಿರಿನ ಅಂತರ ಅಷ್ಟೇ. "ಅಣ್ಣಾ, ಇವರು ನೋಡು ಏನಂತಾರೆ" ಎಂದು ಆರಂಭವಾಗುವ ಆ ವಾಕ್ಯದ ಕೊನೆಯಲ್ಲಿ ತಾನು ಎಲ್ಲಿ ನಿಂತಿರುತ್ತೇನೆ ಎಂದು ಊಹಿಸಿಕೊಂಡೇ ಅವನಿಗೆ ಬೆವರಿಳಿಯಿತು. ಬಾಯಲ್ಲಿ ಹಳೆಯ ಅಳತೆ ಹೇಳಿ ಬಟ್ಟೆಯನ್ನು ಸರಿಯಾಗಿ ಕತ್ತರಿಸುವುದನ್ನು ಜನ್ಮವಿಡೀ ಮಾಡಿದವನಿಗೆ ಇಲ್ಲಿಯೂ ಹೊಳೆದದ್ದು ಅದೇ ದಾರಿ.

ಮಧ್ಯಾಹ್ನ ಊಟವಾಯಿತು. ಭಾವನ ಗೊರಕೆಗೆ ಮೇಜಿನ ಮೇಲಿನ ಚಮಚಗಳು ಅಲುಗತೊಡಗಿದವು. ಟೈಲರ್ ಅಂಗಿಯ ಒಂದು ಗುಂಡಿ ಕಿತ್ತು, ಗಾಡಿಯ ಅಡಿಗೆ ಎಸೆದು, ಅದನ್ನು ಹುಡುಕುವ ನೆಪದಲ್ಲಿ ಬೆನ್ನ ಮೇಲೆ ಮಲಗಿ ಒಳಗೆ ತೆವಳಿದ. ಟ್ಯಾಂಕಿನ ತಳದಲ್ಲಿ ನೀರು ಹೊರಬಿಡುವ ತಿರುಪಿತ್ತು. ತಿರುಗಿಸಿದ. ತುಂಬಿದ ಟ್ಯಾಂಕು ಮೈದಾನದ ಹುಲ್ಲಿಗೆ ಹರಿದುಹೋಯಿತು. ಟ್ಯಾಂಕಿನಲ್ಲಿ ನೀರಿಲ್ಲದಿದ್ದರೆ ಎಲ್ಲರೂ ಮೈದಾನದ ನಲ್ಲಿಗೆ ತಂಬಿಗೆ ಹಿಡಿದುಕೊಂಡು ಹೋಗಲೇಬೇಕು. ಅದು ಒಳ್ಳೆಯ ನೀರು.

ಹೊರಗೆ ತೆವಳಿದಾಗ ಎದುರಿಗೆ ಎರಡು ಕಾಲು ನಿಂತಿದ್ದವು.

"ಬಟನ್ ಸಿಕ್ತಾ ಸಾರ್?" ಎಂದ ಕಾವಲುಗಾರ.

"ಸಿಕ್ತು," ಎಂದ ಟೈಲರ್. ಬೆನ್ನೆಲ್ಲ ಒದ್ದೆ.

ಸಂಜೆ ಭಾವ ಎದ್ದು ನಲ್ಲಿ ತಿರುಗಿಸಿದ. ಪಂಪು ನರಳಿತು, ನೀರು ಬರಲಿಲ್ಲ. ಟ್ಯಾಂಕ್ ಬಡಿದು ನೋಡಿದ, ಕಿವಿಯಿಟ್ಟು ಕೇಳಿದ, ಅಡಿಗೆ ಬಗ್ಗಿ ಟಾರ್ಚು ಬಿಟ್ಟ. ತಿರುಪು ಸಡಿಲಾಗಿದೆ ಎಂದು ಸ್ಪ್ಯಾನರಿನಿಂದ ಬಿಗಿ ಮಾಡಿ, ಬಿಳಿ ಪೈಪು ತಂದು, ಮತ್ತೆ ತುಂಬಿಸಿದ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ನಿಯಮ ಹೊರಡಿಸಿದ. ನಾಳೆಯಿಂದ ಬೆಳಗ್ಗೆ ಎದ್ದ ತಕ್ಷಣ ಒಬ್ಬೊಬ್ಬರೂ ಒಂದು ಲೋಟ ತಣ್ಣೀರು ಕುಡಿಯಬೇಕು.

"ಕುದಿಸಿ ಕುಡಿದ್ರೆ?" ಎಂದ ಟೈಲರ್, ನೆಲ ನೋಡಿಕೊಂಡು.

"ಕುದಿಸಿದ ನೀರು ಸತ್ತ ನೀರು ಕಣಯ್ಯಾ. ಠಾಣೆಯಲ್ಲಿ ನನ್ನ ಹುಡುಗರು ಒಬ್ಬರೂ ಕುದಿಸಿ ಕುಡೀಲಿಲ್ಲ. ಎಲ್ಲಾ ಕಂಬದ ಹಾಗಿದ್ರು."

ಮಾರನೆಯ ದಿನ ಬೆಳಗ್ಗೆ ಟೈಲರ್ ತನ್ನ ಲೋಟವನ್ನು ಕಿಟಕಿಯಾಚೆ ಚೆಲ್ಲಿ ಬಾಯೊರೆಸಿಕೊಂಡ. ಗಂಟಲು ನೋವೆಂದು ಸುಳ್ಳು ಹೇಳಿ ಕೆಟಲ್ ತುಂಬ ನೀರು ಮರಳಿಸಿ ಫ್ಲಾಸ್ಕಿನಲ್ಲಿ ತುಂಬಿಟ್ಟುಕೊಂಡಿದ್ದ. ಅದನ್ನು ಕಂಕುಳಲ್ಲಿ ಅವಚಿಕೊಂಡು ಪುಟ್ಟಿಯ ಹಿಂದೆ ಹಿಂದೆಯೇ ತಿರುಗಿದ. ಉಳಿದವರು ದೊಡ್ಡವರು, ಹೊಟ್ಟೆ ಗಟ್ಟಿ, ಏನಾದರೂ ತಡೆದುಕೊಂಡಾರು. ಈ ಕಡ್ಡಿಯಂಥ ಮಗು ತಡೆದುಕೊಳ್ಳುತ್ತದೆಯೇ? ಒಂದು ಸಲ ಭೇದಿ ಹತ್ತಿದರೆ ಅರ್ಧ ದಿನದಲ್ಲಿ ಒಣಗಿಹೋಗುತ್ತದೆ.

"ಪುಟ್ಟೀ, ಆ ನೀರು ಬೇಡ. ಇದು ಕುಡಿ."

"ಯಾಕೆ ಟೈಲರ್ ತಾತ?"

"ಇದು ಕುಡಿದ್ರೆ ಜಡೆ ಉದ್ದ ಆಗುತ್ತೆ."

"ನೀನೂ ಅದನ್ನೇ ಕುಡೀತೀಯಲ್ಲ, ನಿನ್ನ ತಲೇಲಿ ಕೂದಲೇ ಇಲ್ಲ."

"ನಾನು ಶುರು ಮಾಡಿದ್ದು ಲೇಟು."

ಪುಟ್ಟಿ ಯೋಚಿಸಿ, ಒಪ್ಪಿ, ಕುಡಿದಳು. ಹೆಂಡತಿಯನ್ನು ಅವನು ಚಹಾದಿಂದ ಕಟ್ಟಿಹಾಕಿದ. ಬಾಯಾರಿಕೆ ಎನ್ನುವ ಮೊದಲೇ ಬಿಸಿ ಲೋಟ ಕೈಗಿಡುತ್ತಿದ್ದ.

"ಏನು ರೀ, ಮದುವೆಯಾಗಿ ಇಷ್ಟು ವರ್ಷಕ್ಕೆ ಇವತ್ತು ಉಕ್ಕಿ ಬರ್ತಾ ಇದೆ ಪ್ರೀತಿ?" ಎಂದಳು. "ಕುಡಿದೂ ಕುಡಿದೂ ಆ ಡಬ್ಬಿಯಂಥ ಟಾಯ್ಲೆಟ್ಟಲ್ಲೇ ಸಂಸಾರ ಮಾಡೋ ಹಾಗಾಯ್ತು ನಂಗೆ."

ಭಾವನ ಹೆಂಡತಿಗೆ ಚಹಾ ಸೇರದು. ಅವಳು ಗಂಡನ ಮಾತಿನಂತೆ ಲೋಟ ಲೋಟ ತಣ್ಣೀರನ್ನೇ ಕುಡಿದಳು. ಟೈಲರ್ ಅವಳನ್ನು ಅಕ್ಕಾ ಎನ್ನುತ್ತಿದ್ದ. ಆ ದಿನವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದ. ಪ್ರತಿ ಗುಟುಕಿಗೂ ಅವನ ಗಂಟಲೂ ಮೇಲೆ ಕೆಳಗೆ ಆಗುತ್ತಿತ್ತು.

ಆ ಮಧ್ಯಾಹ್ನ ಇನ್ನೊಂದು ಗುಂಡಿ ಗಾಡಿಯಡಿಗೆ ಬಿತ್ತು. ಬಿಗಿಯಾದ ತಿರುಪನ್ನು ಕರವಸ್ತ್ರ ಸುತ್ತಿ ತಿರುಗಿಸಿ ಟ್ಯಾಂಕ್ ಖಾಲಿ ಮಾಡಿದ. ಆದರೆ ಸಂಜೆ ಭಾವ ಅದೇ ಪೈಪಿನಿಂದ ಮತ್ತೆ ತುಂಬಿಸುತ್ತಾನೆ. ಮೂಲ ಇರುವುದು ಪೈಪಿನಲ್ಲಿ ಎಂದು ಟೈಲರ್‌ಗೆ ಗೊತ್ತು. ಹಾಗಾಗಿ ಗೋಣಿ ಹೊಲಿಯುವ ದಬ್ಬಳ ತೆಗೆದುಕೊಂಡು ಬಿಳಿ ಪೈಪಿಗೆ ಉದ್ದಕ್ಕೂ ತೂತು ಹೊಡೆದ. ಹೊಲಿಗೆಯವನ ಕೈ, ತೂತುಗಳೆಲ್ಲ ಸಮ ಅಂತರದಲ್ಲಿ ಬಿದ್ದವು. ಇನ್ನು ಇದನ್ನು ಬಿಸಾಕಲೇಬೇಕು ಎಂದುಕೊಂಡ.

ಸಂಜೆ ನಲ್ಲಿ ತಿರುಗಿಸಿದಾಗ ಪೈಪು ಹತ್ತು ಕಡೆ ಕಾರಂಜಿಯಾಗಿ ಚಿಮ್ಮಿತು. ಪುಟ್ಟಿ ಕುಣಿದಳು. ಭಾವನ ಮುಖ ಟೈಲರ್ ಎಂದೂ ನೋಡಿರದ ರೀತಿಯಲ್ಲಿ ಅರಳಿತು. ಒಡೆದ ಪೈಪು ಕಂಡರೆ ಅಗ್ನಿಶಾಮಕ ದಳದವನಿಗೆ ಹಳೆಯ ಗೆಳೆಯನನ್ನು ಕಂಡ ಹಾಗೆ ಎಂಬುದು ಪಾಪ ಟೈಲರ್‌ಗೆ ಹೇಗೆ ಗೊತ್ತಾಗಬೇಕು? ಭಾವ ಅಂಗಿಯ ತೋಳು ಮಡಚಿ ಕೂತು, ಹಾಡು ಗುನುಗಿಕೊಂಡು, ಒಂದೊಂದು ತೂತಿಗೂ ಒರೆಸಿ, ಒಣಗಿಸಿ, ಅಂಟು ಪಟ್ಟಿ ಸುತ್ತಿದ. ಒಂದು ಹನಿ ಸೋರಲಿಲ್ಲ. "ನೋಡಯ್ಯಾ," ಎಂದ, "ಇಲಿ ಕಡಿದಿದೆ. ಇಂಥ ಇಲಿ ನಾನೆಲ್ಲೂ ನೋಡಿಲ್ಲ. ಅಳತೆ ಹಿಡಿದು ಕಡಿದಿದೆ."

ಟೈಲರ್ ಕೆರೆಯ ಕಡೆ ನೋಡಿದ.

ಮೂರನೆಯ ದಿನ ಪೈಪನ್ನೇ ಮಾಯ ಮಾಡಿದ. ಸೀಟಿನ ಅಡಿಯ ಪೆಟ್ಟಿಗೆಯಲ್ಲಿ ಹೊದಿಕೆಗಳ ಕೆಳಗೆ ತುರುಕಿಟ್ಟ. ಊಟಕ್ಕೆ ಕೂತಾಗ ಪುಟ್ಟಿ, "ಹಾವು ಹಿಡಿದೆ, ಹಾವು ಹಿಡಿದೆ," ಎನ್ನುತ್ತಾ ಅದರ ಮೂತಿ ಹಿಡಿದು ಎಲ್ಲರ ತಟ್ಟೆಗಳ ನಡುವೆ ಎಳೆದುಕೊಂಡು ಬಂದಳು. ಆ ಮೂತಿ ಬ್ರೆಡ್ಡಿನ ಮೇಲೂ ಹಾದುಹೋಯಿತು. ಟೈಲರ್ ಬ್ರೆಡ್ಡಿನ ತಟ್ಟೆಯನ್ನು ಕೈ ತಾಗಿದಂತೆ ಮಾಡಿ ಬೀಳಿಸಿದ.

"ಕೈಯಲ್ಲಿ ಶಕ್ತಿ ಇಲ್ವೇನ್ರೀ?" ಎಂದಳು ಹೆಂಡತಿ. "ನಿನ್ನೆಯಿಂದ ಗಂಟಲು, ಈಗ ಕೈ. ಇನ್ನೇನು ಬಾಕಿ ಇದೆಯೋ ಒಟ್ಟಿಗೆ ಹೇಳಿಬಿಡಿ."

ಒಟ್ಟಿಗೆ ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಟೈಲರ್ ಬ್ರೆಡ್ ಚೂರುಗಳನ್ನು ಆರಿಸಿದ.

ಕೊನೆಗೆ ಕಾವಲುಗಾರನ ಹತ್ತಿರ ಹೋಗಿ, ಅಂಗಿಗೆ ಕಲೆಯಾಗಿದೆ, ಒಂದಿಷ್ಟು ಬ್ಲೀಚ್ ಇದೆಯೇ ಎಂದು ಕೇಳಿದ. ಆ ಹೊತ್ತಿಗೆ ಅವನ ಅಂಗಿಯಲ್ಲಿ ಹೊಟ್ಟೆಯ ಹತ್ತಿರ ಗುಂಡಿಗಳೇ ಇರಲಿಲ್ಲ. ಕಾವಲುಗಾರ ಗುಂಡಿಯಿಲ್ಲದ ಅಂಗಿಯನ್ನು ನೋಡಿದ, ಮನೆಗಾಡಿಯ ಅಡಿಯ ಕೆಸರು ನೋಡಿದ, ಒಳಗೆ ಹೋಗಿ ಬಾಟಲಿ ತಂದುಕೊಟ್ಟ.

"ಬಟ್ಟೆಗೆ ಇಷ್ಟು ಬೇಕಾಗಲ್ಲ ಸಾರ್," ಎಂದ. "ಟ್ಯಾಂಕಿಗಾದ್ರೆ ಸರಿಹೋಗುತ್ತೆ."

ಟೈಲರ್‌ಗೆ ಜೀವ ಬಾಯಿಗೆ ಬಂತು.

"ನಾನೇನೂ ಕೇಳಲಿಲ್ಲ ಸಾರ್," ಎಂದು ಕಾವಲುಗಾರ ಹೋಗಿಬಿಟ್ಟ.

ಬ್ಲೀಚೇನೋ ಸಿಕ್ಕಿತು. ಟೈಲರ್ ಅದನ್ನು ಬಕೆಟ್ಟಿನಲ್ಲಿ ಕಲಸಿದ. ಅಷ್ಟರಲ್ಲಿ ಮುಂದಿನದು ನೆನಪಾಯಿತು. ಒಂದೊಂದೇ ನಲ್ಲಿ ತಿರುಗಿಸಬೇಕು. ಸದ್ದಾಗುತ್ತದೆಯೋ ನೋಡೋಣ ಎಂದು ಸಿಂಕಿನ ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಪಂಪು ಊರಿಗೆಲ್ಲ ಕೇಳುವಂತೆ ನರಳಿತು. ಅಟ್ಟದ ಹಾಸಿಗೆಯಿಂದ ಗೊರಕೆ ನಿಂತು, "ಯಾರು ಅಲ್ಲಿ?" ಎಂಬ ದನಿ ಬಂತು. ಟೈಲರ್ ಬಕೆಟ್ ಹಿಡಿದುಕೊಂಡು ಕೆಳಗಿಳಿದು, ತನ್ನ ಬಿಳಿ ಅಂಗಿಯನ್ನು ಬಿಚ್ಚಿ ಅದರಲ್ಲಿ ಅದ್ದಿದ. ಕಲೆಯಿಲ್ಲದ ಅಂಗಿ ಇನ್ನೂ ಬೆಳ್ಳಗಾಯಿತು.

ಮಾರನೆಯ ಬೆಳಗ್ಗೆ ಅಕ್ಕ ಹಾಸಿಗೆ ಬಿಟ್ಟೇಳಲಿಲ್ಲ. ಎದ್ದದ್ದೆಲ್ಲ ಟಾಯ್ಲೆಟ್ಟಿಗೆ ಮಾತ್ರ. ಮುಖ ಹಿಂಡಿ ಹಾಕಿದ ಬಟ್ಟೆಯಂತಾಗಿತ್ತು.

"ನಿನ್ನೆ ಆಲೂಗಡ್ಡೆ ಬೆಂದಿರಲಿಲ್ಲ," ಎಂದು ಭಾವ ತೀರ್ಪು ಕೊಟ್ಟ.

"ನಾನು ಬೇಯಿಸಿದ ಆಲೂಗಡ್ಡೆ ಬಗ್ಗೆ ಮಾತಾಡಬೇಡ ಅಣ್ಣ," ಎಂದಳು ಟೈಲರ್‌ನ ಹೆಂಡತಿ. "ಹತ್ತು ಜನ ತಿಂದ್ರೂ ಏನೂ ಆಗಲ್ಲ."

ಆಲೂಗಡ್ಡೆಯ ಮಾನ ಕಾಪಾಡುವ ಸಿಟ್ಟಿನಲ್ಲಿ ಅವಳು ಅಡುಗೆ ಸಾಮಾನೆಲ್ಲ ತೆಗೆದು ತೊಳೆದಳು. ಅದರಲ್ಲಿ ಟೈಲರ್‌ನ ಫ್ಲಾಸ್ಕೂ ಸೇರಿತ್ತು. ಹಳೇ ನೀರು ಎಂದು ಚೆಲ್ಲಿ, ಬೋರಲು ಹಾಕಿದಳು. ಟೈಲರ್ ಕೆರೆಯ ಹತ್ತಿರ ಹೋದವನು ಬರುವ ಹೊತ್ತಿಗೆ ಅದು ಒಣಗಿ ಕೂತಿತ್ತು.

ಇತ್ತ ಭಾವ ಬೇರೊಂದು ಪತ್ತೇದಾರಿಯಲ್ಲಿದ್ದ. ತಾನು ಸ್ಪ್ಯಾನರಿನಿಂದ ಬಿಗಿದ ತಿರುಪು ತಾನಾಗಿ ಸಡಿಲವಾಗುವುದು ಸಾಧ್ಯವಿಲ್ಲ. ಯಾರೋ ಬೇಕೆಂದೇ ಬಿಚ್ಚುತ್ತಿದ್ದಾರೆ. ಗಾಡಿಯಡಿಯಲ್ಲಿ ತೆವಳಿದ ಗುರುತಿದೆ. ಮೈದಾನದಲ್ಲಿ ದಿನವಿಡೀ ಸುಳಿದಾಡುವವನು ಯಾರು? ಕಾವಲುಗಾರ. ಕಾವಲುಗಾರನನ್ನು ಕರೆಸಿದ. ಕರೆಸಿದ್ದು ಎಂದರೆ ನಿಂತಲ್ಲಿಂದ ಕೂಗಿದ್ದು. ಎಲ್ಲ ಗಾಡಿಗಳ ಬಾಗಿಲುಗಳೂ ತೆರೆದುಕೊಂಡವು.

"ನಮ್ಮ ಟ್ಯಾಂಕಿಗೆ ದಿನಾ ಕೈ ಹಾಕ್ತಿರೋದು ಯಾರು?"

ಕಾವಲುಗಾರ ತಲೆ ಎತ್ತಿ ಟೈಲರ್ ಕಡೆ ಒಂದು ಸಲ ನೋಡಿದ. ಆಮೇಲೆ ತನ್ನ ಬೂಟುಗಳನ್ನು ನೋಡಿಕೊಂಡ. "ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ನೀನೇ. ಅಂಗಾತ ಮಲಗಿ ತಿರುಪು ಬಿಚ್ಚೋನು ಯಾರು ಅಂತ ನನಗೆ ಗೊತ್ತಾಗಲ್ಲ ಅಂದುಕೊಂಡಿದ್ದೀಯ? ಇವತ್ತು ಸಂಜೆಯೊಳಗೆ ನಿನ್ನ ಕೆಲಸ ಇರಬಾರದು, ಹಾಗೆ ಮಾಡ್ತೀನಿ."

ಟೈಲರ್‌ಗೆ ಈ ಕ್ಷಣದಲ್ಲಿ ನಾಚಿಕೆಯಾಗಿರಬೇಕು ಎಂದು ನಂಬಬಯಸುವವರಿಗೆ ನಿರಾಶೆ ಕಾದಿದೆ. ಅವನಿಗಾದದ್ದು ಸಮಾಧಾನ. ಅಪರಾಧಿ ಸಿಕ್ಕಿದ. ಅವನು ತಾನಲ್ಲ. ಭುಜ ಎರಡಂಗುಲ ಕೆಳಗಿಳಿದು, ಉಸಿರು ಸರಾಗವಾಯಿತು. ನಾಚಿಕೆ ಬಂದದ್ದು ಆಮೇಲೆ, ಅದೂ ಅರ್ಧ ದಾರಿಗೆ ಬಂದು ನಿಂತಿತು.

ಅಷ್ಟರಲ್ಲಿ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಟ್ಟಿಲ ಮೇಲೆ ಬಂದು ಕೂತಳು. "ರೀ, ಅವನನ್ನ ಬಿಟ್ಟು ನಂಗೆ ಒಂಚೂರು ನೀರು ಕೊಡಿ. ನಾಲಿಗೆ ಅಂಟುತ್ತಾ ಇದೆ." ಅವಳ ಮಗ್ಗುಲಲ್ಲಿ ಪುಟ್ಟಿಯೂ ಬಂದು ಒರಗಿ, "ನಂಗೂ ನೀರು," ಎಂದಳು.

ಭಾವ ಕಾವಲುಗಾರನತ್ತ ಬೆರಳು ತೋರಿಸಿ, "ಇಲ್ಲೇ ನಿಂತಿರು," ಎಂದು ಹೇಳಿ ಒಳಗೆ ಹೋದ. ಪಂಪು ನರಳಿತು. ಎರಡು ಲೋಟದಲ್ಲಿ ಟ್ಯಾಂಕಿನ ನೀರು ಹಿಡಿದುಕೊಂಡು ಬಂದ. ಅಕ್ಕನದಕ್ಕೆ ಉಪ್ಪು, ಸಕ್ಕರೆ ಹಾಕಿ ಕಲಕುತ್ತಿದ್ದ. "ಇದು ಕುಡಿ, ಶಕ್ತಿ ಬರುತ್ತೆ. ಆ ಹಾಳು ಆಲೂಗಡ್ಡೆ ಹೊರಗೆ ಹೋಗ್ಲಿ." ಪುಟ್ಟಿಯ ಕೈಗೆ ಅವಳ ಲೋಟ ಕೊಟ್ಟ. ಪುಟ್ಟಿ ಅಭ್ಯಾಸಬಲದಿಂದ ಟೈಲರ್ ಕಡೆ ನೋಡಿದಳು, ಫ್ಲಾಸ್ಕು ಕಾಣಲಿಲ್ಲ. ಎರಡೂ ಕೈಯಲ್ಲಿ ಲೋಟ ಹಿಡಿದು ಬಾಯಿಗೆತ್ತಿದಳು.

ಟೈಲರ್ ಮೂರು ಹೆಜ್ಜೆಯಲ್ಲಿ ಮೆಟ್ಟಿಲ ಹತ್ತಿರ ಬಂದು ಆ ಲೋಟ ಕಸಿದು ನೆಲಕ್ಕೆ ಚೆಲ್ಲಿದ. ಅರ್ಧ ನೀರು ಹುಲ್ಲಿನ ಮೇಲೆ ಬಿತ್ತು, ಇನ್ನರ್ಧ ಭಾವನ ಚಪ್ಪಲಿಯ ಮೇಲೆ.



"ಏನಯ್ಯಾ ಮಾಡ್ತಾ ಇದ್ದೀಯ?"

"ಚೆಲ್ತಾ ಇದ್ದೀನಿ ಭಾವ." ಒಮ್ಮೆ ಕೆಮ್ಮಿ ಮುಂದುವರಿಸಿದ. "ದಿನಾ ಚೆಲ್ತಾ ಇರೋದೂ ನಾನೇ. ಅವರಲ್ಲ. ಆ ಬಿಳಿ ಪೈಪನ್ನ ನೀವು ಮೊನ್ನೆ ಟಾಯ್ಲೆಟ್ ಟ್ಯಾಂಕಿನೊಳಗೆ ಹಾಕಿದ್ರಿ. ಬೂದು ಪೈಪು ಸಾಲಲಿಲ್ಲ ಅಂತ ಜೋಡಿಸಿದ್ರಿ. ಮೊಣಕೈವರೆಗೂ ಒಳಗೆ ಹಾಕಿದ್ರಿ. ಆಮೇಲೆ ಪ್ಯಾಂಟಿಗೆ ಒರೆಸಿ, ಅದರಲ್ಲೇ ಕುಡಿಯೋ ನೀರು ತುಂಬಿದ್ರಿ."

ಭಾವನ ಕಣ್ಣು ಗಾಡಿಯ ಪಕ್ಕದಲ್ಲಿ ಸುರುಳಿ ಸುತ್ತಿಟ್ಟಿದ್ದ ಪೈಪಿನ ಕಡೆ ಹೋಯಿತು, ಅಲ್ಲಿಂದ ತನ್ನ ಪ್ಯಾಂಟಿನ ತೊಡೆಗೆ ಬಂತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು.

"ಇಲಿ?" ಎಂದ ಭಾವ ಕೊನೆಗೆ.

"ನಾನು."

"ಪೆಟ್ಟಿಗೆಯಲ್ಲಿ ಪೈಪು?"

"ಅದೂ ನಾನು."

"ಅಯ್ಯೋ ದೇವರೇ, ಅದಕ್ಕೇನಾ ಆ ಚಹಾ?" ಎಂದಳು ಹೆಂಡತಿ ಕಿಟಕಿಯಿಂದ. "ನಾನು ಸುಮ್ಮನೆ ಖುಷಿಪಟ್ಟೆ."

ಭಾವನ ದನಿ ಅಷ್ಟು ಹೊತ್ತಿಗೆ ಮರಳಿ ಬಂದಿತ್ತು, ದುಪ್ಪಟ್ಟಾಗಿ ಬಂದಿತ್ತು. "ನೋಡಿದೋನು ಆವತ್ತೇ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ? ನಾಲ್ಕು ದಿನ ನನ್ನ ಹೆಂಡತಿ ಕುಡಿಯೋದು ನೋಡಿಕೊಂಡು ಕೂತಿದ್ದೆ."

ಆ ಪ್ರಶ್ನೆ ನ್ಯಾಯವಾದದ್ದು. ಟೈಲರ್ ಅದನ್ನು ಅಲ್ಲಗಳೆಯಲಿಲ್ಲ.

"ನಿಮಗೆ ಹೆದರಿದ್ದೆ," ಎಂದ.

"ಈಗ ಹೆದರಿಕೆ ಹೋಯ್ತೋ?"

"ಇಲ್ಲ ಭಾವ." ಇಲ್ಲ ಎಂಬುದು ನೋಡಿದವರಿಗೆಲ್ಲ ಕಾಣುತ್ತಿತ್ತು. ಅವನ ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು. ಆದರೂ ಕೈಯನ್ನು ಭಾವನ ಮುಂದೆ ಚಾಚಿದ. ಉಪ್ಪು ಸಕ್ಕರೆಯ ಲೋಟ ಇನ್ನೂ ಭಾವನ ಹತ್ತಿರವೇ ಇತ್ತು.

"ಅದನ್ನೂ ಕೊಡಿ," ಎಂದ.

ಭಾವ ಕೊಡಲಿಲ್ಲ. ಟೈಲರ್ ಕಿತ್ತುಕೊಂಡ.